ಪಿಕಪ್‌ನಲ್ಲಿ ಏನೇನು ಇಟ್ಟುಕೊಳ್ಳುತ್ತೀರಿ? ಮಳೆಯಲ್ಲಿ ಸಿಕ್ಕಿಬಿದ್ದು ಕಲಿತವರು ಹೇಳಿ

ಕೊಟ್ಟಿಗೆಹಾರ_ಪಿಕಪ್ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಬೊಲೆರೊ ಪಿಕಪ್ ತಗೊಂಡು ಎರಡು ವರ್ಷ ಆಯಿತು. ಮನೆಯದ್ದು ಸ್ವಲ್ಪ ಕಾಫಿ, ಸ್ವಲ್ಪ ಅಡಿಕೆ. ನಮ್ಮ ಕೆಲಸ ಇಲ್ಲದ ದಿನ ಬಾಡಿಗೆಗೂ ಹೋಗುತ್ತೇನೆ.

ಮೊನ್ನೆ ಶುಕ್ರವಾರ ಮೂಡಿಗೆರೆಯಿಂದ ಯೂರಿಯಾ ಹಾಕಿಕೊಂಡು ಬರುತ್ತಿದ್ದೆ. ಇಪ್ಪತ್ತು ಚೀಲ, ಅಂದರೆ 900 ಕೆಜಿ. ಸಂಜೆ ಆರೂವರೆ. ವೈಪರ್ ಹಾಕಿದರೂ ಒಂದೇ, ಬಿಟ್ಟರೂ ಒಂದೇ ಅನ್ನುವಂಥ ಮಳೆ. ತೋಟದ ದಾರಿಗೆ ತಿರುಗುವಷ್ಟರಲ್ಲಿ ಹಿಂದಿನ ಎಡಗಡೆ ಟೈರ್ ಪಂಕ್ಚರ್.

ಸ್ಟೆಪ್ನಿ ಇತ್ತು. ಜಾಕಿ ಇತ್ತು. ಸ್ಪ್ಯಾನರ್ ಇತ್ತು. ಆದರೂ ಮನೆ ಸೇರಿದ್ದು ರಾತ್ರಿ ಹನ್ನೊಂದೂವರೆಗೆ.

ಸ್ಟೆಪ್ನಿ ಚಾಸಿ ಕೆಳಗೆ ಚೈನಿನಲ್ಲಿ ನೇತಾಡುತ್ತಲ್ಲ, ಅದನ್ನು ಇಳಿಸುವ ಸ್ಕ್ರೂ ತುಕ್ಕು ಹಿಡಿದು ಕಲ್ಲಾಗಿತ್ತು. ಗಾಡಿ ತಗೊಂಡ ದಿನದಿಂದ ನಾನು ಅದನ್ನು ಇಳಿಸಿ ನೋಡಿಯೇ ಇರಲಿಲ್ಲ. ಕೆಸರಲ್ಲಿ ಅಂಗಾತ ಮಲಗಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಮುಕ್ಕಾಲು ಗಂಟೆ ಗುದ್ದಿದೆ. ಹೇಗೋ ಇಳಿಯಿತು. ಆಮೇಲೆ ಜಾಕಿ ಕೊಟ್ಟರೆ ಗಾಡಿ ಮೇಲೆ ಹೋಗುವ ಬದಲು ಜಾಕಿ ಕೆಳಗೆ ಹೋಯಿತು. ಆಮೆ ಥರ ತಲೆ ಮಾತ್ರ ಕಾಣುತ್ತಿತ್ತು. ಚೀಲ ಇಳಿಸಿ ಭಾರ ಕಮ್ಮಿ ಮಾಡೋಣ ಅಂದರೆ ಆ ಮಳೆಗೆ ಯೂರಿಯಾ ಕರಗಿ ಚರಂಡಿ ಸೇರುತ್ತದೆ. ಕೊನೆಗೆ ಪಕ್ಕದ ತೋಟದ ರೈಟರ್ (ಲೆಕ್ಕ ಬರೆಯುವವರು) ಒಂದು ಹಲಗೆ ತಂದುಕೊಟ್ಟರು. ಅದರ ಮೇಲೆ ಜಾಕಿ ಇಟ್ಟೆ. ಹತ್ತು ನಿಮಿಷದ ಕೆಲಸ, ಮುಗಿಯಿತು.

ಈಗ ಕೇಳುತ್ತಿರುವುದು ಇಷ್ಟೇ. ನೀವೆಲ್ಲ ಗಾಡಿಯಲ್ಲಿ ಏನಿಟ್ಟುಕೊಳ್ಳುತ್ತೀರಿ? ಅಂಗಡಿಯವರ ಪಟ್ಟಿ ಬೇಡ. ನಿಜವಾಗಿ ಕೈಗೆ ಬಂದಿದ್ದು ಹೇಳಿ. ನನ್ನದು ಫೋರ್ ವೀಲ್ ಅಲ್ಲ, ಹಿಂದಿನ ಎರಡು ಗಾಲಿ ಮಾತ್ರ ತಳ್ಳುವುದು.

ಘಾಟಿ_ಲೈನ್ · ರಾತ್ರಿ 10:05

ಮಾರಾಯ್ರೇ, ಆ ಹಲಗೆ ವಾಪಸ್ ಕೊಟ್ಟಿರಾ? ಕೊಡಬೇಡಿ, ಗಾಡಿಯಲ್ಲೇ ಇಟ್ಟುಕೊಳ್ಳಿ.

ನಾನು ಹದಿನೆಂಟು ವರ್ಷದಿಂದ ಹಾಸನ–ಮಂಗಳೂರು ತರಕಾರಿ ಲೈನ್. ನನ್ನ ಸೀಟಿನ ಹಿಂದೆ ಒಂದಡಿ ಚೌಕದ, ಎರಡಿಂಚು ದಪ್ಪದ ಹಲಸಿನ ಹಲಗೆ ಇದೆ. ಮೂರು ಗಾಡಿ ಬದಲಾಯಿಸಿದೆ, ಹಲಗೆ ಅದೇ. ಜೊತೆಗೆ ಗಾಲಿಗೆ ಅಡ್ಡ ಕೊಡಲು ಮರದ ಎರಡು ತುಂಡು, ಓರೆಯಾಗಿ ಕೊಯ್ದದ್ದು. ಕಲ್ಲು ಇಟ್ಟರಾಯಿತು ಅಂತ ಎಲ್ಲರೂ ಹೇಳುತ್ತಾರೆ. ಕಲ್ಲು ಇಡುತ್ತೀರಿ, ಟೈರ್ ಬದಲಾಯಿಸುತ್ತೀರಿ, ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುತ್ತೀರಿ. ರಾತ್ರಿ ಬೈಕಿನವನು ಅದಕ್ಕೇ ಹೊಡೆಯುತ್ತಾನೆ. ಶಿರಾಡಿಯಲ್ಲಿ ಎಷ್ಟು ಸಲ ಗಾಡಿ ನಿಲ್ಲಿಸಿ ಅಂಥ ಕಲ್ಲು ಬದಿಗೆ ಹಾಕಿದ್ದೇನೋ ಲೆಕ್ಕ ಇಲ್ಲ.

ಕೆಂಪು ತ್ರಿಕೋನ ಎಲ್ಲರ ಹತ್ತಿರವೂ ಇರುತ್ತದೆ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರುವುದಿಲ್ಲ. ಘಾಟಿಯಲ್ಲಿ ಅದನ್ನು ಗಾಡಿಯ ಹಿಂದೆ ಹತ್ತಡಿಗೆ ಇಟ್ಟು ಏನು ಪ್ರಯೋಜನ? ತಿರುವು ದಾಟಿದ ಮೇಲೆ ನಿಮ್ಮ ಗಾಡಿ ನಿಂತಿದ್ದರೆ, ತ್ರಿಕೋನ ತಿರುವಿನ ಆಚೆ ಇರಬೇಕು. ಗಾಳಿಗೆ ಬೀಳುತ್ತದೆ, ಕಾಲಿನ ಮೇಲೆ ಒಂದು ಚೀಲ ಮಣ್ಣು ಇಡಿ. ಇಳಿಜಾರಿನ ಕಡೆಯಿಂದ ಬರುವವರಿಗೆ ಇನ್ನೂ ದೂರದಲ್ಲಿ ನಾಲ್ಕು ಗೆಲ್ಲು ಸೊಪ್ಪು ಮುರಿದು ಹಾಕಿ. ಸೊಪ್ಪು ಕಂಡರೆ ಯಾವ ಲಾರಿಯವನೂ ಕಾಲು ತೆಗೆಯುತ್ತಾನೆ.

ಬಾಯಲ್ಲಿ ಟಾರ್ಚ್ ಕಚ್ಚುವುದು ಬಿಡಿ. ರಬ್ಬರ್ ಟ್ಯಾಪಿಂಗ್ ಮಾಡುವವರು ತಲೆಗೆ ಕಟ್ಟುವ ಲೈಟ್ ಇದೆಯಲ್ಲ, ಪುತ್ತೂರು, ಸುಳ್ಯ ಕಡೆ ಸಿಗುತ್ತದೆ. ಎರಡೂ ಕೈ ಖಾಲಿ ಇರುತ್ತದೆ.

ತಿಪಟೂರು_ಗ್ಯಾರೇಜ್ · ರಾತ್ರಿ 10:31

ಸ್ಟೆಪ್ನಿ ವಿಷಯ ನನಗೆ ಹೊಸದಲ್ಲ. ತಿಂಗಳಿಗೆ ಇಬ್ಬರಾದರೂ ಇದೇ ಕಥೆ ಹೇಳಿಕೊಂಡು ಬರುತ್ತಾರೆ. ಆ ಸ್ಕ್ರೂ ಹಿಂದಿನ ಗಾಲಿಗಳ ಕೆಸರು ಸಿಡಿಯುವ ಜಾಗದಲ್ಲೇ ಇರುವುದು. ಮಳೆಗಾಲಕ್ಕೆ ಮೊದಲು ಒಂದು ಸಲ, ಮುಗಿದ ಮೇಲೆ ಒಂದು ಸಲ ಪೂರ್ತಿ ಇಳಿಸಿ, ಗ್ರೀಸ್ ಹಚ್ಚಿ, ಮತ್ತೆ ಏರಿಸಿ. ಇಳಿಸುವ ರಾಡ್ ಎಲ್ಲಿದೆ ಅಂತಲೂ ನೋಡಿಕೊಳ್ಳಿ. ಹಳೇ ಗಾಡಿ ತಗೊಂಡವರಿಗೆ ಅದು ಸಿಕ್ಕಿಯೇ ಇರುವುದಿಲ್ಲ.

ಸ್ಟೆಪ್ನಿಗೆ ಗಾಳಿ ಹಿಂದಿನ ಟೈರಿನ ಲೆಕ್ಕಕ್ಕೆ ತುಂಬಿಸಿ. ಲೋಡ್ ಗಾಡಿಗೆ ಮುಂದಕ್ಕಿಂತ ಹಿಂದೆ ಗಾಳಿ ಜಾಸ್ತಿ ಬೇಕು. ಜಾಸ್ತಿ ಇದ್ದರೆ ಮುಂದಕ್ಕೆ ಹಾಕುವಾಗ ಸ್ವಲ್ಪ ಬಿಡಬಹುದು. ಕಮ್ಮಿ ಇದ್ದರೆ ಕಾಡಿನಲ್ಲಿ ಎಲ್ಲಿಂದ ತುಂಬಿಸುತ್ತೀರಿ?

ಇನ್ನೊಂದು, ನಟ್. ಪಂಕ್ಚರ್ ಅಂಗಡಿಯಲ್ಲಿ ಗನ್ ಹಿಡಿದು ಕಿರ್ರ್ ಅಂತ ಬಿಗಿ ಮಾಡಿ ಕಳಿಸುತ್ತಾರೆ. ಗಾಡಿ ಜೊತೆ ಕೊಡುವ ಗಿಡ್ಡ ಸ್ಪ್ಯಾನರಿಗೆ ಅದು ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಸ್ಪ್ಯಾನರ್ ಹಿಡಿಗೆ ಸರಿಯಾಗಿ ಕೂರುವ ಎರಡೂವರೆ ಅಡಿ ಜಿಐ ಪೈಪ್ ಒಂದು ಇಟ್ಟುಕೊಳ್ಳಿ. ಗುಜರಿಯಲ್ಲಿ ಪುಕ್ಕಟೆ ಸಿಗುತ್ತದೆ. ಗಾಲಿ ನೆಲದಲ್ಲಿ ಇರುವಾಗಲೇ ನಟ್ ಅರ್ಧ ಸುತ್ತು ಸಡಿಲ ಮಾಡಿ, ಆಮೇಲೆ ಜಾಕಿ. ಎತ್ತಿದ ಮೇಲೆ ಪೈಪ್ ಹಾಕಿ ತುಳಿದರೆ ಗಾಡಿ ಜಾಕಿಯಿಂದ ಜಾರುತ್ತದೆ. ಬಿಚ್ಚಿದ ಗಾಲಿಯನ್ನು ಚಾಸಿ ಕೆಳಗೆ ತಳ್ಳಿ ಇಡಿ. ಜಾಕಿ ಕೈಕೊಟ್ಟರೂ ಗಾಡಿ ಗಾಲಿ ಮೇಲೆ ಕೂರುತ್ತದೆ, ನಿಮ್ಮ ಮೇಲಲ್ಲ.

ವಿ_ಕ್ರಾಸ್_ಹುಡುಗ · ರಾತ್ರಿ 10:50

ನನ್ನ ಗಾಡಿಯಲ್ಲಿ ಇರುವುದು: ಮುಂದೆ ವಿಂಚ್ (ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ), ಒಂದು ಜೊತೆ ಟ್ರ್ಯಾಕ್ಷನ್ ಬೋರ್ಡ್ (ಹೂತ ಗಾಲಿಯ ಅಡಿಗೆ ಕೊಡುವ ಹಲಗೆ), ಕೈನೆಟಿಕ್ ರೋಪ್, ಎರಡು ಬೋ ಶ್ಯಾಕಲ್ (ಹಗ್ಗ ಸಿಕ್ಕಿಸುವ ಕಬ್ಬಿಣದ ಕೊಂಡಿ), ಮರಕ್ಕೆ ಸುತ್ತುವ ಅಗಲದ ಬೆಲ್ಟ್, ಕಂಪ್ರೆಸರ್, ಮಡಚುವ ಸಲಿಕೆ, ಜಂಪ್ ಪ್ಯಾಕ್, ಹೈಲಿಫ್ಟ್ ಜಾಕಿ.

ಘಾಟಿ_ಲೈನ್ · ರಾತ್ರಿ 10:52

ಇಷ್ಟೆಲ್ಲ ಹಾಕಿದ ಮೇಲೆ ಯೂರಿಯಾ ಎಲ್ಲಿ ಹಾಕುವುದು ತಮ್ಮಾ?

ವಿ_ಕ್ರಾಸ್_ಹುಡುಗ · ರಾತ್ರಿ 11:10

ಹ್ಹ ಹ್ಹ, ಒಪ್ಪಿದೆ ಅಣ್ಣ. ನಾನು ವಾರದ ಕೊನೆಗೆ ಮಾತ್ರ ಕೆಸರಿಗೆ ಇಳಿಯುವವನು. ವಿಂಚ್ ಬಿಡಿ. ಆದರೆ ಹಗ್ಗದ ವಿಷಯದಲ್ಲಿ ದಯವಿಟ್ಟು ನನ್ನ ಮಾತು ಕೇಳಿ.

ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಕೊಡುವ ಹಳದಿ, ನೀಲಿ ಹಗ್ಗ ಪಾಲಿಪ್ರೊಪಿಲೀನ್. ಲೋಡ್ ಕಟ್ಟಲು ಚೆನ್ನ. ಬಿಸಿಲಿಗೆ ಬಿದ್ದು ಬಿದ್ದು ಪುಡಿ ಉದುರುವ ಹಂತಕ್ಕೆ ಬಂದಿರುತ್ತದೆ. ಅದರಲ್ಲಿ ಹೂತ ಗಾಡಿ ಎಳೆಯಬೇಡಿ. ಮೇಲಿಂದ ಗಂಟು ಬೇರೆ ಹಾಕುತ್ತೇವೆ. ಗಂಟು ಬಿದ್ದ ಕಡೆ ಹಗ್ಗದ ಬಲ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ.

ಟೋಯಿಂಗ್ ಬೆಲ್ಟ್ ಅಂತ ಸಿಗುವ ಪಾಲಿಯೆಸ್ಟರ್ ಪಟ್ಟಿ ಹಿಗ್ಗುವುದಿಲ್ಲ. ಕೆಟ್ಟ ಗಾಡಿಯನ್ನು ರಸ್ತೆಯಲ್ಲಿ ನಿಧಾನ ಎಳೆದುಕೊಂಡು ಹೋಗಲು ಅದು. ಕೈನೆಟಿಕ್ ರೋಪ್ ನೈಲಾನ್. ಅದರ ಉದ್ದದ ಮೂರರಲ್ಲಿ ಒಂದು ಪಾಲಿನವರೆಗೂ ಹಿಗ್ಗಿ, ರಬ್ಬರ್ ಥರ ವಾಪಸ್ ಎಳೆಯುತ್ತದೆ. ಹೂತ ಗಾಡಿಗೆ ಅದೇ ಸರಿ. ಬೆಲ್ಟ್ ಹಾಕಿ ಓಡಿಬಂದು ಜಗ್ಗಿದರೆ ಎರಡೂ ಗಾಡಿಯ ಚಾಸಿಗೆ ಏಟು.

ಶ್ಯಾಕಲ್ ಮುಕ್ಕಾಲು ಇಂಚಿನದು ತಗೊಳ್ಳಿ. ಮೈಮೇಲೆ 4.75 ಟನ್ ಅಂತ ಅಚ್ಚು ಇರಬೇಕು. ಏನೂ ಬರೆಯದ ಹೊಳೆಯುವ ಶ್ಯಾಕಲ್ ಸಿಗುತ್ತದೆ, ಅದು ಸುಮ್ನೆ ಅಲಂಕಾರಕ್ಕೆ. ಕಟ್ಟುವ ಜಾಗ ಚಾಸಿಯ ಕೊಕ್ಕೆ ಮಾತ್ರ. ಬಂಪರ್ ಅಲ್ಲ, ಸ್ಟೆಪ್ನಿ ಬ್ರಾಕೆಟ್ ಅಲ್ಲ, ಟ್ರೈಲರ್ ಸಿಕ್ಕಿಸುವ ಗುಂಡು ಖಂಡಿತ ಅಲ್ಲ. ಅದು ಮುರಿದು ಹಾರಿದರೆ ತೋಪಿನ ಗುಂಡೇ. ಜನ ಸತ್ತಿದ್ದಾರೆ.

ಎರಿಹೊಲ · ಸೋಮವಾರ ಬೆಳಿಗ್ಗೆ 6:15

ವಿ ಕ್ರಾಸ್ ಅವರು ಹೇಳಿದ್ದು ಖರೆ ರೀ. ನಾ ಅನುಭವಿಸಿದವ.

ನಮ್ಮದು ನವಲಗುಂದ ಕಡೆ. ಹೋದ ವರ್ಷ ಆಗಸ್ಟ್‌ನಲ್ಲಿ ಹೆಸರುಕಾಳು ತರಲು ಹೊಲದ ದಾರಿಗೆ ಇಳಿದೆ. ನಿನ್ನೆಯ ಮಳೆ ಅಷ್ಟೇ, ಮೇಲೆ ಒಣಗಿದಂತೆ ಕಾಣುತ್ತಿತ್ತು. ಐವತ್ತು ಮಾರು ಹೋಗುವುದರೊಳಗೆ ಗಾಡಿ ಕುಂತಿತು. ಊರಿನ ಟ್ರ್ಯಾಕ್ಟರ್ ಬಂತು. ಕಬ್ಬಿಣದ ಸರಪಳಿ ತಂದಿದ್ದರು. ಮುಂದಿನ ಬಂಪರಿಗೆ ಕೊಕ್ಕೆ ಹಾಕಿದೆವು, ನಾನೇ ಹಾಕಿದ್ದು, ಬೇರೆಯವರ ಮೇಲೆ ಯಾಕೆ ಹೇಳಲಿ. ಟ್ರ್ಯಾಕ್ಟರ್ ಒಮ್ಮೆ ಜಗ್ಗಿತು. ಗಾಡಿ ಅಲ್ಲೇ ನಿಂತಿತ್ತು, ಬಂಪರ್ ಮಾತ್ರ ನಂಬರ್ ಪ್ಲೇಟ್ ಸಮೇತ ಟ್ರ್ಯಾಕ್ಟರ್ ಹಿಂದೆ ಹೋಯಿತು.

ಅದಕ್ಕೆ ನಕ್ಕೆವು. ಎರಡನೇ ಸಲ ನಗಲಿಲ್ಲ. ಸರಪಳಿಯ ಒಂದು ಕೊಂಡಿ ಕಿತ್ತಿತು. ತುಂಡು ಬಂದು ಡ್ರೈವರ್ ಕಡೆಯ ಗ್ಲಾಸ್ ಒಡೆದು, ಸೀಟಿನ ತಲೆ ಇಡುವ ಜಾಗ ಹರಿದು ಹಿಂದಕ್ಕೆ ಹೋಯಿತು. ನಾನು ಆಗಷ್ಟೇ ಇಳಿದು ಗಾಲಿ ನೋಡಲು ಬಂದಿದ್ದೆ. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಈಗ ಬೆಲ್ಟ್ ಕಟ್ಟಿದ ಮೇಲೆ ನಡುವೆ ಒದ್ದೆ ಗೋಣಿಚೀಲ ಹೊದಿಸುತ್ತೇನೆ. ಕಿತ್ತರೂ ಚೀಲದ ಭಾರಕ್ಕೆ ನೆಲಕ್ಕೆ ಬೀಳಲಿ ಅಂತ. ನೋಡಲು ನಿಂತ ಹುಡುಗರನ್ನು ಮೊದಲು ಓಡಿಸುತ್ತೇನೆ. ಹಗ್ಗ ಎಷ್ಟು ಉದ್ದವೋ ಅದಕ್ಕಿಂತ ಹೆಚ್ಚು ದೂರಕ್ಕೆ.

ಇನ್ನು ಎರಿಮಣ್ಣಿಗೆ ನಿಮ್ಮ ಹಲಗೆ, ಬೋರ್ಡ್ ಏನೂ ನಡೆಯುವುದಿಲ್ಲ ರೀ. ಹಲಗೆ ಹಾಕಿದರೆ ಹಲಗೆಯೂ ಒಳಗೆ. ಮಣ್ಣು ಗಾಲಿಗೆ ಸುತ್ತಿ ಸುತ್ತಿ ಮಡ್‌ಗಾರ್ಡ್ ತುಂಬಿ, ಗಾಲಿ ತಿರುಗುವುದೇ ನಿಲ್ಲುತ್ತದೆ. ಅದನ್ನು ಕೆರೆದು ತೆಗೆಯಲು ಒಂದು ಹಾರೆ ಬೇಕು. ನನ್ನ ಗಾಡಿಯಲ್ಲಿ ಇರುವ ಮುಖ್ಯ ಸಾಮಾನು ಅದೇ. ಆಮೇಲೆ ತಾಳ್ಮೆ. ಬಿಸಿಲು ಬಿದ್ದರೆ ಮರುದಿನ ಅದೇ ದಾರಿ ಸಿಮೆಂಟ್ ಆಗಿರುತ್ತದೆ.

ತೋಟದ_ಜೀಪು · ಸೋಮವಾರ ಬೆಳಿಗ್ಗೆ 8:20

ಸಕಲೇಶಪುರ ಕಡೆಯವನು. ನಮ್ಮಲ್ಲಿ ಅಡಿ ಗಟ್ಟಿ, ಮೇಲೆ ಜಾರು. ಅದಕ್ಕೆ ಉಪಾಯ ಬೇರೆ.

ಅಡಿಕೆ ದಬ್ಬೆ. ಬಿದ್ದ ಮರ ಸೀಳಿದ್ದು, ನಾಲ್ಕಡಿ ಉದ್ದದ್ದು ನಾಲ್ಕು. ನುಣುಪಿನ ಕಡೆ ಕೆಳಗೆ, ಸೀಳಿದ ಕಡೆ ಮೇಲೆ ಬರುವಂತೆ ಗಾಲಿಯ ಮೂತಿಗೆ ಸಿಕ್ಕಿಸಿ. ಉಲ್ಟಾ ಹಾಕಿದರೆ ಸಾಬೂನಿನ ಮೇಲೆ ಸಾಬೂನು. ಮೇಲೆ ಒಂದು ಗೋಣಿತಾಟು ಹಾಸಿದರೆ ಇನ್ನೂ ಒಳ್ಳೆಯದು. ಹಿಂದೆ ಯಾರೂ ನಿಲ್ಲಬಾರದು, ದಬ್ಬೆ ಹಿಡಿತ ತಪ್ಪಿದರೆ ಹಿಂದಕ್ಕೆ ಈಟಿ ಥರ ಹೋಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೈನ್ ಗಾಡಿಯಿಂದ ಕೆಳಗೆ ಇಳಿಯುವುದಿಲ್ಲ. ಗಾಲಿಗೆ ಹಾಕುವ ಚೈನ್. ಹೂತ ಮೇಲೆ ಹಾಕಲು ಆಗುವುದಿಲ್ಲ, ಕೆಸರು ಶುರು ಆಗುವ ಮೊದಲೇ ಹಾಕಬೇಕು. ಇದನ್ನು ಕಲಿಯಲು ನನಗೆ ಎರಡು ಮಳೆಗಾಲ ಬೇಕಾಯಿತು. ಡಾಂಬರು ಬಂದ ಕೂಡಲೇ ಬಿಚ್ಚಿ, ಇಲ್ಲದಿದ್ದರೆ ಚೈನೂ ಹೋಯಿತು, ಟೈರೂ ಹೋಯಿತು.

ಕತ್ತಿ, ಬಿಲ್ಲು ಗರಗಸ ಇರಲಿ. ಮಳೆಗಾಲದಲ್ಲಿ ದಾರಿಗೆ ಮರ ಬೀಳದ ವಾರ ಇಲ್ಲ. ಮರದ ಜೊತೆ ಕರೆಂಟ್ ವಯರ್ ಬಿದ್ದಿದ್ದರೆ ಗಾಡಿಯಿಂದಲೇ ಇಳಿಯಬೇಡಿ, ಸ್ವಲ್ಪ ಹಿಂದಕ್ಕೆ ತಗೊಂಡು 1912ಕ್ಕೆ ಫೋನ್ ಮಾಡಿ. ಆಮೇಲೆ ದಾರಿ ಬಿಡಿಸಿದ್ದೇನೆ ಅಂತ ಒಳ್ಳೇ ನಾಟ ಮನೆಗೆ ಹೇರಿಕೊಂಡು ಹೋಗಬೇಡಿ, ಅರಣ್ಯದವರು ಅಷ್ಟು ಹೊತ್ತಿಗೆ ಸರಿಯಾಗಿ ಬರುತ್ತಾರೆ!

ನಮ್ಮ ಕಡೆ ಇನ್ನೊಂದು ಇದೆ. ಕತ್ತಲಾದ ಮೇಲೆ ಗಾಡಿ ಹೂತರೆ ನಾನು ಬಿಡಿಸಲು ಹೋಗುವುದಿಲ್ಲ. ಬಾಗಿಲು ಹಾಕಿ, ಫೋನ್ ಮಾಡಿ ಯಾರನ್ನಾದರೂ ಕರೆಸಿಕೊಂಡು ಮನೆಗೆ. ಆನೆ ಬಂದಾಗ ಸಲಿಕೆ ಹಿಡಿದು ಬಗ್ಗಿಕೊಂಡಿರುವುದು ಬೇಡ.

ಕೊಟ್ಟಿಗೆಹಾರ_ಪಿಕಪ್ · ಸೋಮವಾರ ಮಧ್ಯಾಹ್ನ 1:30

ದಬ್ಬೆ ನಮ್ಮ ಕೊಟ್ಟಿಗೆ ಹಿಂದೆ ರಾಶಿ ಬಿದ್ದಿದೆ! ಇಷ್ಟು ದಿನ ತಲೆಗೇ ಹೋಗಲಿಲ್ಲ.

ಒಂದು ಸಂಶಯ. ಖಾಲಿ ಇದ್ದಾಗ ನನ್ನ ಗಾಡಿ ಜಾಸ್ತಿ ಹೂತುಕೊಳ್ಳುತ್ತದೆ. ಲೋಡ್ ಇದ್ದಾಗ ಅಷ್ಟಿಲ್ಲ. ಉಲ್ಟಾ ಆಗಬೇಕಿತ್ತಲ್ವಾ?

ತಿಪಟೂರು_ಗ್ಯಾರೇಜ್ · ಸೋಮವಾರ ಮಧ್ಯಾಹ್ನ 2:45

ಇಲ್ಲ, ಸರಿಯಾಗಿಯೇ ಇದೆ. ಪಿಕಪ್‌ನಲ್ಲಿ ಎಂಜಿನ್ ಭಾರ ಮುಂದೆ, ತಳ್ಳುವ ಗಾಲಿ ಹಿಂದೆ. ಖಾಲಿ ಇದ್ದರೆ ಹಿಂದಿನ ಗಾಲಿ ಮೇಲೆ ಒತ್ತು ಇಲ್ಲ, ಸುಮ್ನೆ ಸುತ್ತುತ್ತದೆ. ಸುತ್ತಿದಷ್ಟೂ ಗುಂಡಿ ತೋಡಿಕೊಳ್ಳುತ್ತದೆ. ಅರ್ಧ ಲೋಡ್ ಇದ್ದರೆ ಹಿಡಿತ ಸಿಗುತ್ತದೆ. ಖಾಲಿ ಹೋಗುವಾಗ ನಾಲ್ಕೈದು ಚೀಲ ಜಲ್ಲಿಪುಡಿ ಹಿಂದಿನ ಅಚ್ಚಿನ ಮೇಲೆ ಬರುವಂತೆ ಹಾಕಿಕೊಳ್ಳಿ. ಜಾರಿದರೆ ಒಂದು ಚೀಲ ಒಡೆದು ಗಾಲಿಗೆ ಸುರಿಯಲೂ ಆಗುತ್ತದೆ.

ಒಂದು ಗಾಲಿ ಮಾತ್ರ ಸುತ್ತುತ್ತಾ ಇನ್ನೊಂದು ಸುಮ್ಮನೆ ನಿಂತಿದ್ದರೆ, ಹ್ಯಾಂಡ್‌ಬ್ರೇಕ್ ಎರಡು ಹಲ್ಲು ಎಳೆದು ಸೆಕೆಂಡ್ ಗೇರಿನಲ್ಲಿ ಮೆಲ್ಲಗೆ ಬಿಡಿ. ಸುತ್ತುವ ಗಾಲಿಗೆ ತಡೆ ಬಿದ್ದು ಬಲ ಸ್ವಲ್ಪ ಆ ಕಡೆಗೂ ಹೋಗುತ್ತದೆ. ಎಲ್ಲಾ ಸಲ ಆಗುವುದಿಲ್ಲ, ಆದರೆ ದುಡ್ಡು ಖರ್ಚಿಲ್ಲ.

ಬ್ಯಾಟರಿ ಬಗ್ಗೆ ಯಾರೂ ಬರೆದಿಲ್ಲ. ಜಂಪರ್ ಕೇಬಲ್ ದಪ್ಪದ್ದು ಇಟ್ಟುಕೊಳ್ಳಿ, ಡೀಸೆಲ್ ಎಂಜಿನ್ನಿಗೆ ಸಣ್ಣ ಕಾರಿನ ತೆಳು ಕೇಬಲ್ ಸಾಲುವುದಿಲ್ಲ. ಮೊದಲು ಪ್ಲಸ್‌ಗೆ ಪ್ಲಸ್. ಆಮೇಲೆ ಒಳ್ಳೇ ಬ್ಯಾಟರಿಯ ಮೈನಸ್. ಕೊನೆಯದನ್ನು ಸತ್ತ ಬ್ಯಾಟರಿಗೆ ಹಾಕಬೇಡಿ, ಎಂಜಿನ್ನಿನ ಬರಿ ಕಬ್ಬಿಣಕ್ಕೆ ಹಾಕಿ. ಕಿಡಿ ಬ್ಯಾಟರಿಯಿಂದ ದೂರ ಇರಲಿ. ಮುಖ್ಯ ಮಾತು: ಲಾರಿಯವರು ಪಾಪ ಒಳ್ಳೇ ಮನಸ್ಸಿನಿಂದ ನಿಲ್ಲಿಸಿ ಕರೆಂಟ್ ಕೊಡುತ್ತೇನೆ ಅನ್ನುತ್ತಾರೆ. ದೊಡ್ಡ ಲಾರಿ 24 ವೋಲ್ಟ್, ನಿಮ್ಮದು 12. ಕೈಮುಗಿದು ಬೇಡ ಅನ್ನಿ. ಹೋದ ವರ್ಷ ಒಬ್ಬರ ಗಾಡಿಯ ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೀಗೇ ಸುಟ್ಟಿತು. ಟೋಯಿಂಗ್ ಸಮೇತ ಆದ ಬಿಲ್ಲು ಇಲ್ಲಿ ಬರೆದರೆ ನಿಮಗೆ ನಿದ್ದೆ ಬರುವುದಿಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ಒಂದು ಫ್ಯಾನ್ ಬೆಲ್ಟ್, ನಾಲ್ಕು ಫ್ಯೂಸ್, ಐದು ಲೀಟರ್ ನೀರು, ಇನ್ಸುಲೇಷನ್ ಟೇಪ್, ಬೈಂಡಿಂಗ್ ವಯರ್. ಕಂಪ್ರೆಸರ್ ತಗೊಂಡರೆ ಬ್ಯಾಟರಿಗೆ ನೇರ ಕ್ಲಿಪ್ ಹಾಕುವಂಥದ್ದು. ಸಿಗರೇಟ್ ಸಾಕೆಟ್ಟಿನದು ಫ್ಯೂಸ್ ಹಾರಿಸುತ್ತದೆ. ಬೆಂಕಿ ಆರಿಸುವ ಪುಡಿ ಸಿಲಿಂಡರ್ ಸೀಟಿನ ಅಡಿಯಲ್ಲಿ ಹೂತಿಡಬೇಡಿ, ಕೈಗೆ ಸಿಗುವ ಹಾಗೆ ಇಡಿ. ಗಾಡಿ ಅಲುಗಾಟಕ್ಕೆ ಒಳಗಿನ ಪುಡಿ ಗಟ್ಟಿ ಕೂರುತ್ತದೆ. ತಿಂಗಳಿಗೊಮ್ಮೆ ತಲೆಕೆಳಗು ಮಾಡಿ ಅಲ್ಲಾಡಿಸಿ, ಗೇಜಿನ ಮುಳ್ಳು ಹಸಿರಿನಲ್ಲಿ ಇದೆಯಾ ನೋಡಿ.

ಹಿಮದೂರ_ಕನ್ನಡಿಗ · ಸೋಮವಾರ ರಾತ್ರಿ 8:05

ಮಿನ್ನೆಸೋಟದಿಂದ. ಜಲ್ಲಿಪುಡಿ ಚೀಲ ಓದಿ ನಗು ಬಂತು. ನಾವಿಲ್ಲಿ ನವೆಂಬರ್ ಬಂದರೆ ಪಿಕಪ್ ಹಿಂದೆ ಮರಳಿನ ಚೀಲ ಹಾಕುತ್ತೇವೆ, ಇದೇ ಕಾರಣಕ್ಕೆ. ಭಾರಕ್ಕೂ ಆಯಿತು, ಮಂಜುಗಡ್ಡೆ ಮೇಲೆ ಎರಚಲೂ ಆಯಿತು.

ಬೇರೆ ಸಾಮಾನು ಬೇರೆ: ಸಲಿಕೆ, ದಪ್ಪ ಕಂಬಳಿ, ಕೈಗವಸು, ತಿನ್ನಲು ಏನಾದರೂ. ಮೈನಸ್ 25 ಡಿಗ್ರಿಯಲ್ಲಿ ಗಾಡಿ ಹಿಮದಲ್ಲಿ ಸಿಕ್ಕಿಬಿದ್ದರೆ ಬಿಡಿಸುವುದು ಆಮೇಲೆ, ಮೊದಲು ಬೆಚ್ಚಗೆ ಇರಬೇಕು. ಹೀಟರಿಗೆ ಅಂತ ಎಂಜಿನ್ ಹಾಕುವ ಮೊದಲು ಸೈಲೆನ್ಸರ್ ಪೈಪಿನ ಸುತ್ತ ಹಿಮ ತೆಗೆಯಬೇಕು. ಇಲ್ಲದಿದ್ದರೆ ಹೊಗೆ ಒಳಗೆ ಬರುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆ ಬಂದಂತೆ ಆಗಿ ಮುಗಿದೇ ಹೋಗುತ್ತದೆ. ನಿಮ್ಮಲ್ಲಿ ಸೈಲೆನ್ಸರ್ ಕೆಸರಿಗೆ ಹೂತಾಗ ಕಿಟಕಿ ಹಾಕಿಕೊಂಡು ಏಸಿಯಲ್ಲಿ ಕೂರುವವರಿಗೂ ಇದೇ ಮಾತು.

ಸಿಸ್ಟರ್_ಶಿವಮೊಗ್ಗ · ಸೋಮವಾರ ರಾತ್ರಿ 9:12

ನಮ್ಮ ಮನೆಯವರು ಪಿಕಪ್ ಓಡಿಸುತ್ತಾರೆ, ನಾನು ಆಸ್ಪತ್ರೆಯಲ್ಲಿ ನರ್ಸ್. ನಿಮ್ಮ ಪಟ್ಟಿಯಲ್ಲಿ ಗಾಡಿಗೆ ಎಲ್ಲಾ ಇದೆ, ಮನುಷ್ಯರಿಗೆ ಏನೂ ಇಲ್ಲ.

ಅವರ ಫಸ್ಟ್ ಏಡ್ ಡಬ್ಬಿ ತೆಗೆದು ನೋಡಿದೆ. ಅರ್ಧ ಖಾಲಿ ಆದ ಅಯೋಡಿನ್, ಅಂಟು ಹೋದ ಪ್ಲಾಸ್ಟರ್, ಒಂದು ಪ್ಯಾಕೆಟ್ ಅಡಿಕೆಪುಡಿ. ಈಗ ನಾನೇ ತುಂಬಿಸಿದ್ದೇನೆ: ಅಗಲದ ಗಾಸ್ ಬ್ಯಾಂಡೇಜು ಆರು, ಗ್ಲೌಸು, ಕತ್ತರಿ, ಓಆರ್‌ಎಸ್ ಪುಡಿ, ಸುಟ್ಟ ಗಾಯಕ್ಕೆ ಸುರಿಯಲು ಒಂದು ಬಾಟಲಿ ಒಳ್ಳೇ ನೀರು. ಜಾಕಿ ಕೆಲಸದಲ್ಲಿ ಬೆರಳು ಜಜ್ಜುವುದು, ರೇಡಿಯೇಟರ್ ಮುಚ್ಚಳ ಬಿಸಿ ಇರುವಾಗಲೇ ತಿರುಗಿಸಿ ಮುಖ ಸುಟ್ಟುಕೊಳ್ಳುವುದು, ನಮ್ಮಲ್ಲಿಗೆ ಬರುವವರು ಜಾಸ್ತಿ ಇಂಥವರೇ. ಸುಟ್ಟ ಜಾಗಕ್ಕೆ ಟೂತ್‌ಪೇಸ್ಟ್ ಬೇಡ, ಇಪ್ಪತ್ತು ನಿಮಿಷ ತಣ್ಣೀರು ಹಾಕಿ. ರಕ್ತ ಹರಿಯುತ್ತಿದ್ದರೆ ಬಟ್ಟೆ ಒತ್ತಿ ಹಿಡಿಯಿರಿ, ನಿಂತಿತಾ ಅಂತ ಘಳಿಗೆಗೊಮ್ಮೆ ತೆಗೆದು ನೋಡಬೇಡಿ.

ರಸ್ತೆಯಲ್ಲಿ ಬೇರೆಯವರಿಗೆ ಅಪಘಾತ ಆಗಿದ್ದರೆ ಪೊಲೀಸ್ ಕೇಸು ಅಂತ ಹೆದರಿ ಹೋಗಿಬಿಡುತ್ತಾರೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆಗಿ, ಸಹಾಯ ಮಾಡಿದವರಿಗೆ ರಕ್ಷಣೆ ಇದೆ. ನಿಮ್ಮ ಹೆಸರು ಹೇಳಿ ಅಂತ ಒತ್ತಾಯ ಮಾಡುವಂತಿಲ್ಲ. 108ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿ ಆದರೆ 1033 ಕೂಡ ಇದೆ.

ಘಾಟಿ_ಲೈನ್ · ಸೋಮವಾರ ರಾತ್ರಿ 10:20

ಸಿಸ್ಟರ್ ಹೇಳಿದ ನಂಬರ್ ಎಲ್ಲಾ ಸರಿ. ಘಾಟಿಯಲ್ಲಿ ಸಿಗ್ನಲ್ ಇಲ್ಲದ ಕಡೆಯೇ ಗಾಡಿ ಕೆಡುವುದು, ಅದೊಂದು ಕರ್ಮ. ಎದುರಿಂದ ಬರುವ ಬಸ್ಸಿನವರಿಗೆ ಚೀಟಿಯಲ್ಲಿ ಬರೆದು ಕೊಡಿ, ಗುಂಡ್ಯದಲ್ಲೋ ಮಾರನಹಳ್ಳಿಯಲ್ಲೋ ಹೇಳುತ್ತಾರೆ. ಡಬ್ಬಿಯಲ್ಲಿ ಪೆನ್ನು ಇರಲಿ.

ಮತ್ತೊಂದು. ಮಳೆ ಜೋರಾಗಿದ್ದಾಗ ಗುಡ್ಡ ಕಡಿದ ಜಾಗದ ಕೆಳಗೆ ಗಾಡಿ ನಿಲ್ಲಿಸಬೇಡಿ. ಟೈರ್ ಪಂಕ್ಚರ್ ಆಗಿದ್ದರೂ ರಿಮ್ ಹೋದರೆ ಹೋಗಲಿ, ಬಯಲಿಗೆ ತಗೊಂಡು ಹೋಗಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಬಂತಲ್ಲ, ಅಲ್ಲಿ ಜನ ಚಹಾಕ್ಕೆ ಗಾಡಿ ನಿಲ್ಲಿಸುತ್ತಿದ್ದ ಜಾಗ ಅದು. ನಾನೂ ನಿಲ್ಲಿಸಿದ್ದೇನೆ. ಆ ದಿನ ಕೊಚ್ಚಿಹೋದ ಒಂದು ಲಾರಿಯನ್ನು ಗಂಗಾವಳಿ ಹೊಳೆಯಿಂದ ಮೇಲೆ ತೆಗೆದಿದ್ದು ಸೆಪ್ಟೆಂಬರ್ ಕೊನೆಗೆ. ಅದಕ್ಕೆ ಯಾವ ಹಗ್ಗ, ಯಾವ ವಿಂಚ್?

ಕೊಟ್ಟಿಗೆಹಾರ_ಪಿಕಪ್ · ಶನಿವಾರ ಸಂಜೆ 6:50

ಒಂದು ವಾರ ಆಯಿತು. ಮಾಡಿದ್ದು ಹೇಳುತ್ತೇನೆ. ಸ್ಟೆಪ್ನಿ ಇಳಿಸಿ ಗ್ರೀಸ್ ಹಚ್ಚಿಸಿದೆ. ಪೈಪ್ ಗುಜರಿಯಲ್ಲಿ ಸಿಕ್ಕಿತು. ರೈಟರ್ ಹಲಗೆ ವಾಪಸ್ ಕೊಟ್ಟು, ನಮ್ಮದೇ ಹಲಸಿನ ತುಂಡು ಕೊಯ್ಸಿದೆ. ನಾಲ್ಕು ದಬ್ಬೆ, ಎರಡು ಗೋಣಿತಾಟು, ತಲೆಗೆ ಕಟ್ಟುವ ಲೈಟ್. ನೈಲಾನ್ ರೋಪ್ ಮತ್ತು ಅಚ್ಚು ಇರುವ ಎರಡು ಶ್ಯಾಕಲ್ ಬೆಂಗಳೂರಿನಿಂದ ತರಿಸಿದೆ, ದುಬಾರಿ ಅಂದರೆ ಅದೊಂದೇ. ಮಗಳು ಡಬ್ಬಿಗೆ ಪೆನ್ನು ಹಾಕಿದ್ದಾಳೆ.

ನಿನ್ನೆ ಮಳೆ ಇಲ್ಲದಿದ್ದಾಗ ಅಂಗಳದಲ್ಲೇ ಒಂದು ಸಲ ಟೈರ್ ಬಿಚ್ಚಿ ಹಾಕಿ ನೋಡಿದೆ. ಇಪ್ಪತ್ತೆರಡು ನಿಮಿಷ.

ಘಾಟಿ ಅಣ್ಣ, ನಿಮ್ಮ ಸ್ಟೆಪ್ನಿ ಇಳಿಸಿ ಎಷ್ಟು ದಿನ ಆಯಿತು?

ಘಾಟಿ_ಲೈನ್ · ಶನಿವಾರ ರಾತ್ರಿ 9:30

ನನ್ನದು ಬಿಡಿ, ಅದು ಯಾವಾಗಲೂ ರೆಡಿ.

ಘಾಟಿ_ಲೈನ್ · ಭಾನುವಾರ ಬೆಳಿಗ್ಗೆ 11:15

ತಿಪಟೂರು ಸರ್, ಸ್ಕ್ರೂ ಅರ್ಧ ಇಳಿದು ನಿಂತಿದೆ. ಈಗ ಮೇಲೂ ಹೋಗುತ್ತಿಲ್ಲ, ಕೆಳಗೂ ಬರುತ್ತಿಲ್ಲ. ರಾತ್ರಿ ಲೋಡ್ ಇದೆ. ಏನು ಮಾಡಲಿ ಹೇಳಿ.

ತಿಪಟೂರು_ಗ್ಯಾರೇಜ್ · ಭಾನುವಾರ ಬೆಳಿಗ್ಗೆ 11:19

ಸ್ವಲ್ಪ ಡೀಸೆಲ್ ಬಿಟ್ಟು ಅರ್ಧ ಗಂಟೆ ಹಾಗೇ ಬಿಡಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ತಿರುಗಿಸಿ. ಕೆಳಗೆ ಮಲಗುವ ಮೊದಲು ಗಾಲಿಗೆ ಆ ಮರದ ತುಂಡು ಕೊಡಿ. ಬರದಿದ್ದರೆ ಚೈನ್ ಕತ್ತರಿಸಿ, ಸ್ಟೆಪ್ನಿಯನ್ನು ಲೋಡ್ ಜೊತೆ ಮೇಲೆ ಹಾಕಿಕೊಂಡು ಹೋಗಿ.